ಮೂವತ್ತು ದಿನದ ನಿಯಮ

ಜನವರಿ 9

ಡಬಲ್ ಅಕ್ಕನಿಗೆ,

ಕ್ಷೇಮವಾಗಿದ್ದೇನೆ ಎಂದು ಬರೆಯುವುದು ಪದ್ಧತಿ; ಬರೆದೆನೆಂದು ತಿಳಿ. ಕಾಗದದಲ್ಲಿ ಬರೆಯುತ್ತಿರುವುದು ನಿನ್ನ ಷರತ್ತಿನಂತೆ. ಅಕ್ಕ ತಮ್ಮನ ಜಗಳ ಆಫೀಸಿನ ಮೇಲ್‌ನಲ್ಲಿ ಬೇಡ ಎಂದೆ, ಸರಿ. ಫೋನ್ ಮಾಡೋಣವೆಂದರೆ ಐದನೇ ನಿಮಿಷಕ್ಕೆ ಇಬ್ಬರಲ್ಲಿ ಒಬ್ಬರು ಸಿಟ್ಟಿನಲ್ಲಿ ಇಟ್ಟುಬಿಡುತ್ತೇವೆ, ಹೆಚ್ಚಾಗಿ ನೀನು.

ನಿನ್ನ ಸಂಸ್ಥೆಯ ಮುಖ್ಯ ಕಚೇರಿಗೆ ವೆಚ್ಚ ಇಳಿಸುವ ಅಧಿಕಾರಿಯಾಗಿ ಸೇರಿ ಎಂಟು ದಿನವಾಯಿತು. ಕೃತಕ ಕಾಲು ಮಾಡಿಕೊಡುವವರ ಖರ್ಚೆಲ್ಲ ಪ್ಲಾಸ್ಟರು, ಸ್ಕ್ರೂ, ರಬ್ಬರಿನ ಪಾದಗಳಲ್ಲಿ ಇರುತ್ತದೆ ಎಂದುಕೊಂಡು ಬಂದೆ. ಅಲ್ಲ. ಹನ್ನೊಂದು ಸಾವಿರ ಜನರ ಕಾಲಿನ ಅಳತೆ ಇರುವ ಡೇಟಾಬೇಸ್ ಕ್ಲೌಡ್‌ನಲ್ಲಿದೆಯಲ್ಲ, ಅದಕ್ಕೆ ಕೊಡುವ ಬಾಡಿಗೆಗಿಂತ ಅದರ ಬ್ಯಾಕಪ್‌ಗಳಿಗೆ ಕೊಡುವ ಬಾಡಿಗೆ ಎರಡೂವರೆ ಪಟ್ಟು! ಮನೆಗಿಂತ ಅಟ್ಟಕ್ಕೆ ಜಾಸ್ತಿ. ಈ ಅಟ್ಟ ನೋಡಿಕೊಳ್ಳುವವರು ಯಾರು ಎಂದು ಕೇಳಿದೆ. ಅಲ್ಲಿದ್ದವರೆಲ್ಲ ನಿನ್ನ ಹೆಸರು ಹೇಳಿ ಮುಸಿಮುಸಿ ನಕ್ಕರು. ಎರಡು ಕೊಡೆ, ಎರಡು ಕನ್ನಡಕ, ಬಾಗಿಲಿಗೆ ಎರಡು ಬೀಗ ಇಡುವವಳು ನೀನು. ಆ ಚಟವನ್ನು ಸಂಸ್ಥೆಯ ದುಡ್ಡಿನಲ್ಲೂ ತೀರಿಸಿಕೊಳ್ಳುತ್ತಿದ್ದೀಯ ಎಂದು ಗೊತ್ತಿರಲಿಲ್ಲ.

ಯಾವ ಯಾವ ಪ್ರತಿ ಇವೆ, ಯಾಕಿವೆ, ಒಂದು ಪಟ್ಟಿ ಕಳಿಸು. ಕಣ್ಣೀರನ್ನು ಪಟ್ಟಿಯಲ್ಲಿ ಸೇರಿಸಬೇಡ.

ನಿನ್ನ ತಮ್ಮ,
ಈಗ ಮೇಲಧಿಕಾರಿ ಕೂಡ


ಜನವರಿ 18

ಮೇಲಧಿಕಾರಿ ತಮ್ಮನಿಗೆ,

ನಿನ್ನ ಕಾಗದ ನಿನ್ನೆ ಬಂತು. ತಂದುಕೊಟ್ಟವನು ನಮ್ಮ ಬೀದಿಯ ಅಂಚೆಯಣ್ಣ. ಅವನಿಗೆ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ; ಹಾಕಿಕೊಂಡಿರುವುದು ನಮ್ಮಲ್ಲೇ ಮಾಡಿದ ಕಾಲು. ಆ ಕಾಲಿನಲ್ಲಿ ಮೂರು ಮಹಡಿ ಹತ್ತಿ ಬಂದು ನಿನ್ನ ಕುಹಕವನ್ನು ನನ್ನ ಕೈಗಿಟ್ಟ. "ತಮ್ಮನದಾ ಅಮ್ಮಾ? ಪರವಾಗಿಲ್ಲ, ನೆನಪಿಟ್ಕೊಂಡು ಬರೀತಾರೆ" ಎಂದ. ಒಳಗೇನಿದೆ ಎಂದು ತಿಳಿದಿದ್ದರೆ ಕೆಳಗೇ ಬಿಟ್ಟು ಹೋಗುತ್ತಿದ್ದ.

ನೀನು ಯಾವ ಸಂಸ್ಥೆಗೆ ಸೇರಿದ್ದೀಯ ಎಂದು ನಿನಗೆ ಯಾರೂ ಹೇಳಿರಲಾರರು, ನಾನು ಹೇಳುತ್ತೇನೆ. ಉಳಿದ ಕಾಲು ಹೋಗಿ ಕೂರುವ ಬಟ್ಟಲಿಗೆ ಇಲ್ಲಿ ಸಾಕೆಟ್ ಎನ್ನುತ್ತಾರೆ. ಎರಡು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಚರ್ಮ ಸುಲಿದು ಬರುತ್ತದೆ. ಅಂಚೆಯಣ್ಣನಿಗೆ ಒಗ್ಗುವ ಸಾಕೆಟ್ ಸಿಕ್ಕಿದ್ದು ಹದಿನಾಲ್ಕನೇ ಸಲಕ್ಕೆ, ಎರಡು ವರ್ಷದ ಮೇಲೆ. ಆ ಹದಿನಾಲ್ಕು ತಿದ್ದುಪಡಿಗಳೂ ಡೇಟಾಬೇಸ್‌ನಲ್ಲಿವೆ. ಇವತ್ತು ಅವನ ಸಾಕೆಟ್ ಒಡೆದರೆ ಆ ಅಳತೆ ತೆಗೆದು ನಾಲ್ಕು ದಿನದಲ್ಲಿ ಹೊಸದು ಮಾಡಿ ಕೊಡುತ್ತೇವೆ. ಅಳತೆ ಕಳೆದುಹೋದರೆ ಮತ್ತೆ ಒಂದರಿಂದ ಶುರು. ಅಟ್ಟ ಇರುವುದು ಇದಕ್ಕೆ.

ಇನ್ನು ಬಿಲ್ಲು. ಅದು ಜಾಸ್ತಿಯಾಗಿದೆ ಎಂದು ನೀನು ಎಂಟು ದಿನದಲ್ಲಿ ಕಂಡುಹಿಡಿದೆ, ಶಹಬ್ಬಾಸ್. ನಾನು ಮೂರು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಪಟ್ಟಿ ಇದರ ಜೊತೆಗಿದೆ. ಬರೀ ಪ್ರಯೋಗಕ್ಕೆ ಇಟ್ಟಿರುವ ಯಂತ್ರಕ್ಕೆ ಗಂಟೆಗೊಂದು ಪ್ರತಿ ತೆಗೆಯುತ್ತಿದ್ದಾರೆ, ನಿಲ್ಲಿಸು. ಮುಚ್ಚಿಹೋದ ತರಬೇತಿ ಯೋಜನೆಯ ಡೇಟಾ ಇನ್ನೂ ದಿನಾ ಮೂರು ಕಡೆ ನಕಲಾಗುತ್ತಿದೆ, ತೆಗೆದುಹಾಕು. ಯಂತ್ರ ಹೋದರೂ ಅದರ ಪ್ರತಿಗಳು ಅನಾಥವಾಗಿ ಬಿದ್ದಿವೆ. ಕಾನೂನಿಗಾಗಿ ಇಡಲೇಬೇಕಾದ ಹಳೆಯ ವರ್ಷಗಳ ಲೆಕ್ಕಪತ್ರಗಳನ್ನು ದಿನಾ ಕೈಗೆ ಸಿಗುವ ದುಬಾರಿ ಜಾಗದಲ್ಲಿ ಇಟ್ಟಿದ್ದಾರೆ. ತೆರೆಯಲು ಅರ್ಧ ದಿನ ಹಿಡಿಯುವ ಅಗ್ಗದ ಜಾಗ ಇದೆ, ಅಲ್ಲಿಗೆ ಸಾಗಿಸು. ಇಷ್ಟು ಮಾಡಿದರೆ ಬಿಲ್ಲು ಅರ್ಧಕ್ಕಿಳಿಯುತ್ತದೆ.

ಅಸಲು ಡೇಟಾಬೇಸ್‌ನ ಪ್ರತಿಗಳ ಜೋಡಣೆ ಬೇರೆ ತರಹದ್ದು. ವಿವರಿಸಿದರೆ ನಿನ್ನ ತಲೆಗೆ ಹೋಗುವುದಿಲ್ಲ. ಅದಕ್ಕೆ ಕೈ ಹಾಕುವ ಮುಂಚೆ ನನ್ನನ್ನು ಕೇಳು.

ಪ್ರತಿ ತಿಂಗಳ ಮೊದಲ ಸೋಮವಾರ, ಊಟವಾದ ಮೇಲೆ, ನಾನು ಬ್ಯಾಕಪ್ಪನ್ನು ಖಾಲಿ ಯಂತ್ರವೊಂದರಲ್ಲಿ ಪೂರ್ತಿ ತೆರೆದು ಅಂಚೆಯಣ್ಣನ ದಾಖಲೆ ಹುಡುಕುತ್ತೇನೆ. ಹದಿನಾಲ್ಕೂ ತಿದ್ದುಪಡಿ ಸಿಕ್ಕರೆ ರಿಜಿಸ್ಟರಿನಲ್ಲಿ ಸಹಿ. ತೆರೆದು ನೋಡದ ಬ್ಯಾಕಪ್ ಇದ್ದರೂ ಒಂದೇ, ಬಿಟ್ಟರೂ ಒಂದೇ.

ಈ ಕಾಗದದ ಜೆರಾಕ್ಸ್ ತೆಗೆದಿಟ್ಟಿದ್ದೇನೆ. ಬರೆಯುವ ಎಲ್ಲದರದ್ದೂ ಇಡುತ್ತೇನೆ.

ಅಕ್ಕ


ಫೆಬ್ರವರಿ 20

ಅಕ್ಕ,

ಸಂತೋಷದ ಸುದ್ದಿ. ಬಿಲ್ಲು ಅರ್ಧಕ್ಕಿಂತ ಕೆಳಗೆ ಬಂತು. ನಿರ್ದೇಶಕರು ಸಭೆಯಲ್ಲಿ ಎಲ್ಲರ ಎದುರು, "ಎಲ್ಲಿದ್ರಿ ಮಾರಾಯ್ರೇ ಇಷ್ಟು ದಿನ?" ಎಂದು ನನ್ನ ಬೆನ್ನು ತಟ್ಟಿದರು. ನನಗೆ ಇಲ್ಲಿ "ಕತ್ತರಿ ಸಾಹೇಬರು" ಎಂದು ಹೆಸರು ಬಿದ್ದಿದೆ. ನಿನ್ನ ಪಟ್ಟಿ ತಕ್ಕಮಟ್ಟಿಗೆ ಉಪಯೋಗಕ್ಕೆ ಬಂತು.

ನಿನ್ನ ಸೋಮವಾರದ ಪೂಜೆಯನ್ನು ಈ ತಿಂಗಳಿಂದ ನಿಲ್ಲಿಸಿದ್ದೇನೆ. ಅದಕ್ಕಾಗಿ ಒಂದು ಯಂತ್ರದ ಬಾಡಿಗೆ, ಡೇಟಾ ಇಳಿಸಿಕೊಳ್ಳುವ ಶುಲ್ಕ, ನಿನ್ನ ಅರ್ಧ ದಿನದ ಸಂಬಳ. ಐದು ವರ್ಷದ ರಿಜಿಸ್ಟರ್ ತರಿಸಿ ನೋಡಿದೆ. ಐವತ್ತೊಂಬತ್ತು ಸೋಮವಾರ, ಐವತ್ತೊಂಬತ್ತು ಸಹಿ, ಒಂದೇ ಒಂದು ಸಲವೂ ತೊಂದರೆ ಕಂಡಿಲ್ಲ. ತೊಂದರೆಯೇ ಇಲ್ಲದ್ದನ್ನು ಅರವತ್ತನೇ ಸಲ ನೋಡುವವರಿಗೆ ಏನೆನ್ನಬೇಕು? ನೀನು ಅಕ್ಕ ಎಂದು ಸುಮ್ಮನಿದ್ದೇನೆ.

ತಮ್ಮ


ಫೆಬ್ರವರಿ 27

ಕತ್ತರಿ ಸಾಹೇಬರಿಗೆ,

ತಕ್ಕಮಟ್ಟಿಗೆ ಉಪಯೋಗಕ್ಕೆ ಬಂತಂತೆ! ನಿನ್ನ ಸಭೆಯ ವರದಿ ನಮ್ಮ ಕೇಂದ್ರದ ಗೋಡೆಗೂ ಅಂಟಿದೆ. ನನ್ನ ಪಟ್ಟಿ, ನನ್ನದೇ ವಾಕ್ಯಗಳು, "ಅನಾಥವಾಗಿ ಬಿದ್ದಿವೆ" ಎನ್ನುವುದನ್ನೂ ಬಿಟ್ಟಿಲ್ಲ. ಕೆಳಗೆ ನಿನ್ನ ಹೆಸರು. ಆರನೇ ತರಗತಿಯಲ್ಲಿ ನನ್ನ ಹಳೆಯ ಪ್ರಬಂಧವನ್ನು ಕದ್ದು ಬರೆದು, ಅದರಲ್ಲಿ "ನನ್ನ ತಮ್ಮ ಬಹಳ ತುಂಟ" ಎಂದಿದ್ದನ್ನೂ ಹಾಗೇ ಇಳಿಸಿ ಸಿಕ್ಕಿಬಿದ್ದಿದ್ದೆಯಲ್ಲ, ಆಗಲೂ ನಿನಗೆ ನಾಚಿಕೆಯಾಗಿರಲಿಲ್ಲ. ನಮ್ಮಪ್ಪ ನಕ್ಕು ನಿನ್ನನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದರು. ಇಲ್ಲಿ ನಿರ್ದೇಶಕರು ಆ ಕೆಲಸ ಮಾಡುತ್ತಿದ್ದಾರೆ.

ಒಂದು ಸಾಲು, "ಅಕ್ಕ ಹೇಳಿಕೊಟ್ಟಳು" ಎಂದು. ಅಷ್ಟು ಹೇಳಿದ್ದರೆ ನಿನ್ನ ಕಿರೀಟವೇನೂ ಬೀಳುತ್ತಿರಲಿಲ್ಲ. ನನಗೆ ಬೇಜಾರಾಯಿತು. ಬಹಳ ಬೇಜಾರಾಯಿತು ಎಂದೇ ಬರೆಯುತ್ತೇನೆ, ನೀನು ಓದಿ ನಗು.

ಐವತ್ತೊಂಬತ್ತು ಸಲ ತೊಂದರೆ ಕಾಣದಿದ್ದದ್ದು ನಾನು ನೋಡುತ್ತಿದ್ದೆ ಎಂಬ ಕಾರಣಕ್ಕೆ. ಇದು ನಿನ್ನ ಬುದ್ಧಿಗೆ ಎಟುಕುವ ಮಾತಲ್ಲ.

ಅಕ್ಕ


ಮಾರ್ಚ್ 11

ಅಕ್ಕ,

ಆರನೇ ತರಗತಿಯ ಪ್ರಬಂಧದ ನಕಲೂ ನಿನ್ನ ಬಳಿ ಇರಬೇಕು, ಜೋಪಾನ.

ಏಪ್ರಿಲ್ ಒಂದರಿಂದ ಹೊಸ ನಿಯಮ ಬರುತ್ತದೆ. ಅಸಲು ಡೇಟಾಬೇಸ್‌ನ ಬ್ಯಾಕಪ್‌ಗಳಲ್ಲಿ ಮೂವತ್ತು ದಿನಕ್ಕಿಂತ ಹಳೆಯದೆಲ್ಲ ತಾನಾಗಿಯೇ ಅಳಿಸಿಹೋಗುತ್ತದೆ. ದಿನಕ್ಕೊಂದರಂತೆ ಮೂವತ್ತು ಪ್ರತಿ ಸಾಕೋ ಸಾಕು. ಯಾರೂ ಗುಂಡಿ ಒತ್ತಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ನಿರ್ದೇಶಕರು ಸಹಿ ಹಾಕಿಯಾಯಿತು. ನೀನು ಕೇಳು ಎಂದಿದ್ದೆ, ನೆನಪಿದೆ. ಕೇಳಿದರೆ ನೀನು ಬೇಡ ಎನ್ನುತ್ತೀಯ. ಅದಕ್ಕಾಗಿ ಒಂದು ಅಂಚೆಚೀಟಿ ಯಾಕೆ ಹಾಳುಮಾಡಬೇಕು?

ಸುತ್ತೋಲೆಯೊಂದು ನಿನ್ನ ಕೇಂದ್ರಕ್ಕೂ ಬರುತ್ತದೆ. ಓದಿ ಸಿಟ್ಟಾಗಬೇಡ. ಇದು ಆಡಳಿತ, ಮನೆಯಲ್ಲ.

ತಮ್ಮ


ಮಾರ್ಚ್ 18

ಸಾಹೇಬರಿಗೆ,

ಸುತ್ತೋಲೆ ಹದಿನಾರರ ಮಧ್ಯಾಹ್ನ ಬಂತು. "ಬ್ಯಾಕಪ್ ವಿಭಾಗದ ಹೆಚ್ಚುವರಿ ಸಿಬ್ಬಂದಿಯನ್ನು ಏಪ್ರಿಲ್ ಒಂದರಿಂದ ವಿಚಾರಣೆ ಕೌಂಟರಿಗೆ ವರ್ಗಾಯಿಸಲಾಗಿದೆ." ವಿಭಾಗದಲ್ಲಿರುವುದು ಒಬ್ಬಳು. ಆ ಒಬ್ಬಳೇ ಹೆಚ್ಚುವರಿ. ಸಹಿ ನಿನ್ನದು. ಸಹಿಯ ಬಾಲವನ್ನು ಈಗಲೂ ಹಾಗೇ ಎಳೆಯುತ್ತೀಯ, ನಾನು ಕಲಿಸಿದ ಹಾಗೆ.

ನಿನ್ನ ನಿಯಮ ಓದಿದೆ. ಬಹಳ ಚೆನ್ನಾಗಿದೆ. ಇಷ್ಟು ತಿಳಿದವರಿಗೆ ನಾನು ಹೇಳುವುದು ಏನೂ ಉಳಿದಿಲ್ಲ.

ಕೌಂಟರಿನ ಮೇಲೆ ಗಾಜು ಇದೆ, ಗಾಜಿಗೆ ಒಂದು ತೂತು ಇದೆ. ಇನ್ನು ಮುಂದೆ ಅದರಲ್ಲಿ ಮಾತಾಡುತ್ತೇನೆ.

ವಿಚಾರಣೆ ಕೌಂಟರು


ಮೇ 6

ಅಕ್ಕ,

ಏಪ್ರಿಲ್ ಪೂರ್ತಿ ನಿನ್ನಿಂದ ಒಂದು ಕಾಗದವಿಲ್ಲ. ಮುನಿಸು ಇನ್ನೂ ಇಳಿದಿಲ್ಲವೇ? ಬಿಲ್ಲು ಈಗ ಹಿಂದಿನದರ ನಾಲ್ಕನೇ ಒಂದು ಭಾಗ. ನನಗೆ ಪ್ರಶಸ್ತಿ ಪತ್ರ ಕೊಟ್ಟರು, ಚೌಕಟ್ಟು ಹಾಕಿಸಿ ಮೇಜಿನ ಹಿಂದೆ ತೂಗುಹಾಕಿದ್ದೇನೆ. ನೋಡಿದೆಯಾ, ನೀನಿಲ್ಲದೆಯೂ ಆಕಾಶ ಕಳಚಿ ಬೀಳಲಿಲ್ಲ. ಇದೇ ತಿಂಗಳು ಡೇಟಾಬೇಸನ್ನು ಹೊಸ ಆವೃತ್ತಿಗೆ ಬದಲಾಯಿಸುತ್ತೇವೆ. ಅದರಲ್ಲೂ ಒಂದಿಷ್ಟು ಉಳಿಯುತ್ತದೆ.

ಕೌಂಟರಿನಲ್ಲಿ ಫ್ಯಾನ್ ಇದೆಯೇ? ಇಲ್ಲದಿದ್ದರೆ ಅರ್ಜಿ ಕೊಡು, ಪರಿಶೀಲಿಸುತ್ತೇನೆ.

ತಮ್ಮ


ಮೇ 29

ಅಕ್ಕ,

ಸುದ್ದಿ ನಿನಗೆ ಮುಟ್ಟಿರುತ್ತದೆ. ಇಪ್ಪತ್ತೆರಡಕ್ಕೆ ಆವೃತ್ತಿ ಬದಲಾಯಿಸುವಾಗ ನಡುವೆ ಏನೋ ನಿಂತು ಡೇಟಾಬೇಸ್ ಕೆಟ್ಟಿತು. ನಾನು ಗಾಬರಿಯಾಗಲಿಲ್ಲ. ಮೂವತ್ತು ಬ್ಯಾಕಪ್ ಇವೆ, ಯಾವುದಾದರೂ ಒಂದನ್ನು ಹಾಕಿ ಎಂದು ಕಾಫಿ ಕುಡಿಯಲು ಹೋದೆ.

ಮೂವತ್ತೂ ಇವೆ. ಒಂದೂ ತೆರೆಯುವುದಿಲ್ಲ. ಹೊರಗಿನಿಂದ ಕರೆಸಿದ ತಜ್ಞ ಎರಡು ದಿನ ಕೂತು ನೋಡಿ ನನ್ನನ್ನು ಹತ್ತಿರ ಕರೆದ. "ಸಾರ್, ಇವು ಪೂರ್ತಿ ಪ್ರತಿಗಳಲ್ಲ. ಆಯಾ ದಿನ ಏನು ಬದಲಾಯ್ತೋ ಅಷ್ಟೇ ಇರೋದು. ಇವು ನಿಂತ್ಕೊಳ್ಳೋಕೆ ಒಂದು ಪೂರ್ಣ ಪ್ರತಿ ಬೇಕು. ಅದು ಜನವರಿ ಒಂದಕ್ಕೆ ತೆಗೆದದ್ದು. ನಿಮ್ಮ ನಿಯಮ ಏಪ್ರಿಲ್ ಒಂದಕ್ಕೆ ಅದನ್ನ ಅಳಿಸಿ ಹಾಕಿದೆ" ಎಂದ. ಮೂವತ್ತು ದಿನಕ್ಕಿಂತ ಹಳೆಯದಾಗಿತ್ತಲ್ಲ, ಅದಕ್ಕೆ. ಪೂರ್ಣ ಪ್ರತಿ ವರ್ಷಕ್ಕೆ ಎರಡೇ ಸಲ ತೆಗೆಯುವ ಪದ್ಧತಿಯಂತೆ. ಯಾರು ಮಾಡಿದ ಪದ್ಧತಿ ಎಂದು ಕೇಳಿದೆ. ನಿನ್ನದಂತೆ.

ಒಂದು ಮಾತು ಕೇಳುತ್ತೇನೆ, ಸುತ್ತಿ ಬಳಸಿ ಹೇಳಬೇಡ. ನಿನಗೆ ಗೊತ್ತಿತ್ತಾ?

ತಮ್ಮ


ಜೂನ್ 4

ತಮ್ಮನಿಗೆ,

ಗೊತ್ತಿತ್ತಾ ಎಂದು ಕೇಳಲು ನಿನಗೆ ಐದು ತಿಂಗಳು ಬೇಕಾಯಿತು. ಜನವರಿ ಹದಿನೆಂಟರ ನನ್ನ ಕಾಗದ ತೆಗೆದು ನೋಡು: "ಅದಕ್ಕೆ ಕೈ ಹಾಕುವ ಮುಂಚೆ ನನ್ನನ್ನು ಕೇಳು." ನಕಲು ನನ್ನ ಎದುರಿಗೇ ಇದೆ. ಕೇಳಿದೆಯಾ? ಅಂಚೆಚೀಟಿ ಉಳಿಸಿದೆ. ಆ ಚೀಟಿಯನ್ನೂ ಚೌಕಟ್ಟು ಹಾಕಿಸು.

ವರ್ಷಕ್ಕೆ ಎರಡು ಪೂರ್ಣ ಪ್ರತಿ, ನಡುವೆ ದಿನದಿನದ ಬದಲಾವಣೆ: ಹೌದು, ನನ್ನದೇ ಪದ್ಧತಿ. ಐದು ವರ್ಷದ ಹಿಂದೆ ಬಿಲ್ಲು ಇಳಿಸಲೆಂದು ನಾನೇ ಮಾಡಿದ್ದು. ನಿನ್ನ ಹಾಗೆ ಡಂಗುರ ಹೊಡೆಯಲಿಲ್ಲ, ಅಷ್ಟೇ.

ಈಗ ಕೌಂಟರಿನ ಸುದ್ದಿ. ಸೋಮವಾರ ಅಂಚೆಯಣ್ಣ ಬಂದಿದ್ದ, ಎರಡೂ ಕಂಕುಳಲ್ಲಿ ಊರುಗೋಲು. ಸಾಕೆಟ್ ಸೀಳಿತ್ತು, ಚೀಲದಲ್ಲಿ ಹಾಕಿಕೊಂಡು ತಂದಿದ್ದ. ಗಾಜಿನ ತೂತಿಗೆ ಬಾಯಿಟ್ಟು, "ಅಮ್ಮಾ, ನನ್ನ ಕಾಲು ನಿಮ್ಮ ಹತ್ರ ಭದ್ರವಾಗಿದೆ, ತಿಂಗಳು ತಿಂಗಳು ನೋಡ್ತೀನಿ ಅಂತಿದ್ರಲ್ಲ. ತೆಗೀರಿ, ನಾಲ್ಕು ದಿನ ತಾನೇ?" ಎಂದ. ನಾನು ಏನೋ ಹೇಳಿದೆ. "ಹಂಗಂದ್ರೆ?" ಎಂದ. ಮತ್ತೆ ಹೇಳಿದೆ. ಅವನು ಕೋಪಿಸಿಕೊಳ್ಳಲಿಲ್ಲ. "ಸರಿ ಬಿಡಿ, ನೀವೇನ್ ಮಾಡ್ತೀರ ಪಾಪ" ಎಂದು ಟೋಕನ್ ತೆಗೆದುಕೊಂಡು ಸಾಲಿನಲ್ಲಿ ಕೂತ. ಅವನ ಮುಂದೆ ಇನ್ನೂರು ಜನ ಇದ್ದರು, ಎಲ್ಲರದ್ದೂ ಹೊಸದಾಗಿ ಅಳತೆ ಆಗಬೇಕು. ಅಂಚೆ ಕಚೇರಿ ಅವನಿಗೆ ಮೂರು ತಿಂಗಳು ರಜೆ ಕೊಟ್ಟಿದೆಯಂತೆ. ಅದರಾಚೆಗೆ ಕೊಡುವುದಿಲ್ಲ, ನಡೆಯಲಾಗದವನಿಗೆ ಬೀದಿ ಯಾಕೆ ಎನ್ನುತ್ತಾರಂತೆ.

ಇದನ್ನು ನಿನ್ನ ಪ್ರಶಸ್ತಿ ಪತ್ರದ ಪಕ್ಕದಲ್ಲಿ ಅಂಟಿಸಿಕೋ. ನಿನ್ನ ಮೇಲೆ ನನಗೆ ಎಷ್ಟು ತಿರಸ್ಕಾರ ಇದೆ ಎಂದು ಬರೆಯಲು ಈ ಹಾಳೆ ಸಾಲದು.

ಅಕ್ಕ


ಜೂನ್ 12

ಅಕ್ಕ,

ಪ್ರಶಸ್ತಿ ಪತ್ರ ಇಳಿಸಿದ್ದೇನೆ. ನನ್ನನ್ನು ಸೋಮವಾರದಿಂದ ಮನೆಗೆ ಕಳಿಸಿದ್ದಾರೆ. ವಿಚಾರಣೆಗೆ ಸಮಿತಿ ಕೂತಿದೆ.

ತಪ್ಪು ನನ್ನದು. ಇದನ್ನು ಸಮಿತಿಗೂ ಬರೆದುಕೊಟ್ಟೆ. ಪಟ್ಟಿ ನಿನ್ನದು ಎಂಬುದನ್ನೂ ಬರೆದೆ, ತಡವಾಗಿ.

ಮನೆಯಲ್ಲಿ ಬೇರೇನೂ ಕೆಲಸವಿಲ್ಲದ್ದರಿಂದ ನಿನ್ನ ಕಾಗದಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಮತ್ತೆ ಓದಿದೆ. ಕದ್ದ ಪ್ರಬಂಧ ಇದೆ. ನಿರ್ದೇಶಕರ ತೊಡೆ ಇದೆ. ನನ್ನ ತಲೆಗೆ ಹೋಗುವುದಿಲ್ಲ, ಬುದ್ಧಿಗೆ ಎಟುಕುವುದಿಲ್ಲ ಎಂಬುದೆಲ್ಲ ಇದೆ. ದಿನದ ಪ್ರತಿಗಳು ಜನವರಿಯ ಪ್ರತಿಯ ಮೇಲೆ ನಿಂತಿವೆ ಎಂಬ ಒಂದು ಸಾಲು ಎಲ್ಲೂ ಇಲ್ಲ. ಮಾರ್ಚ್ ಹದಿನೆಂಟಕ್ಕೆ ನನ್ನ ನಿಯಮ ಓದಿದೆ ಎಂದು ಬರೆದಿದ್ದೀಯ. ಏಪ್ರಿಲ್ ಒಂದಕ್ಕೆ ಇನ್ನೂ ಹದಿನಾಲ್ಕು ದಿನ ಇತ್ತು.

ನಾನು ದಡ್ಡ, ಒಪ್ಪಿದೆ. ದಡ್ಡನಿಗೆ ಗೊತ್ತಿರಲಿಲ್ಲ. ನಿನಗೆ?

ತಮ್ಮ


ಜೂನ್ 20

ತಮ್ಮನಿಗೆ,

ನಿನ್ನ ಕಾಗದ ತಂದವನು ಬೇರೆ ಯಾರೋ. ಮನೆ ಗುರುತಾಗದೆ ಕೆಳಗಿನ ಮನೆಯಲ್ಲಿ ಕೊಟ್ಟು ಹೋಗಿದ್ದ, ಮೂರು ದಿನ ಅಲ್ಲೇ ಬಿದ್ದಿತ್ತು.

ಉತ್ತರ ಖಾರವಾಗಿಯೇ ಶುರುಮಾಡಿದ್ದೆ. ಅದಕ್ಕೆ ಸಾಕ್ಷಿ ಬೇಕಲ್ಲ ಎಂದು ನಕಲು ಫೈಲು ತೆಗೆದೆ. ನಾನು ಬರೆದ ಎಲ್ಲ ಕಾಗದದ ಜೆರಾಕ್ಸ್ ಅದರಲ್ಲಿ ಒಂದೊಂದಿವೆ. ಒಂದರದ್ದು ಮಾತ್ರ ಜೆರಾಕ್ಸೂ ಇದೆ, ಮಸಿಯಲ್ಲಿ ಬರೆದ ಮೂಲವೂ ಇದೆ. ಮೂಲ ಇದೆ ಎಂದರೆ ನಿನಗೆ ಕಳಿಸಿಲ್ಲ ಎಂದೇ ಅರ್ಥ. ಮರೆತಿದ್ದೆ ಎಂದು ಹೇಳಬಹುದು. ಮರೆತಿರಲಿಲ್ಲ.

ಮಾರ್ಚ್ ಹದಿನಾರರ ಬೆಳಿಗ್ಗೆ ಬರೆದೆ. ಜೆರಾಕ್ಸ್ ಮಾಡಿಸಿಕೊಂಡು ಆಫೀಸಿಗೆ ಬಂದು ಸಂಜೆ ಅಂಚೆಗೆ ಹಾಕೋಣವೆಂದು ಚೀಲದಲ್ಲಿಟ್ಟೆ. ಮಧ್ಯಾಹ್ನ ಸುತ್ತೋಲೆ ಬಂತು. ಹೆಚ್ಚುವರಿ ಸಿಬ್ಬಂದಿ ಎಂಬ ಎರಡು ಪದಕ್ಕೆ ನನ್ನ ಹೊಟ್ಟೆ ಉರಿದುಹೋಯಿತು. ಬೀಳಲಿ, ಆಮೇಲೆ ನನ್ನ ಕಾಲಿಗೆ ಬರುತ್ತಾನೆ ಎಂದುಕೊಂಡೆ. ಎರಡನ್ನೂ ಫೈಲಿಗೆ ಹಾಕಿ, ಎರಡು ದಿನ ಬಿಟ್ಟು ಹದಿನೆಂಟರ ಆ ಕಾಗದ ಬರೆದೆ. ಮಾರ್ಚ್ ಕೊನೆಯವರೆಗೆ ಡೇಟಾಬೇಸ್‌ನ ಕೀಲಿ ನನ್ನ ಕೈಯಲ್ಲೇ ಇತ್ತು. ಯಾರನ್ನೂ ಕೇಳದೆ ಹೊಸದೊಂದು ಪೂರ್ಣ ಪ್ರತಿ ತೆಗೆದು ಬೇರೆ ಕಡೆ ಇಡಬಹುದಿತ್ತು, ಒಂದು ಗಂಟೆಯ ಕೆಲಸ. ಮಾಡಲಿಲ್ಲ. ನಿನ್ನನ್ನು ಬೀಳಿಸಲು ಹೋಗಿ ಯಾರ ಕಾಲು ತೆಗೆದೆ ಎಂದು ಅಂಚೆಯಣ್ಣ ಬಂದ ಆ ಸೋಮವಾರ ಗಾಜಿನ ಆಚೆ ನೋಡಿದೆ.

ಆ ಜೋಡಣೆಯ ವಿವರವನ್ನು ನಾನು ಯಾವ ರಿಜಿಸ್ಟರಿನಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಟ್ಟರೆ ನನ್ನನ್ನು ಯಾರು ಕೇಳುತ್ತಾರೆ ಎಂದು ಐದು ವರ್ಷ ತಲೆಯಲ್ಲೇ ಇಟ್ಟುಕೊಂಡೆ. ಎಲ್ಲವನ್ನೂ ಎರಡೆರಡು ಇಡುವ ಡಬಲ್ ಅಕ್ಕ ಅದೊಂದನ್ನು ಮಾತ್ರ ಒಂದೇ ಕಡೆ ಇಟ್ಟಿದ್ದಳು. ನಿನ್ನ ಬಗ್ಗೆ ಇಷ್ಟು ದಿನ ಬರೆದದ್ದೆಲ್ಲ ಈಗ ನನಗೇ ಓದಿ ಹೇಳಿದ ಹಾಗಿದೆ.

ನಾಳೆ ಬೆಳಿಗ್ಗೆ ಸಮಿತಿಯ ಮುಂದೆ ಹೋಗುತ್ತೇನೆ. ಜೆರಾಕ್ಸ್ ಅವರಿಗೆ. ಮೂಲ ನಿನ್ನದು, ಇದರ ಜೊತೆಗಿದೆ.

ಅಕ್ಕ


ಮಾರ್ಚ್ 16

ಪುಟ್ಟೂ,

ಜಗಳ ಆಮೇಲೆ ಆಡೋಣ, ಇದನ್ನು ಮೊದಲು ಓದು. ನಿನ್ನ ಮೂವತ್ತು ದಿನದ ನಿಯಮ ಏಪ್ರಿಲ್ ಒಂದಕ್ಕೆ ಜನವರಿಯ ಪೂರ್ಣ ಪ್ರತಿಯನ್ನು ಅಳಿಸುತ್ತದೆ. ಅದು ಹೋದರೆ ದಿನದ ಪ್ರತಿಗಳು ಯಾವುದಕ್ಕೂ ಬರುವುದಿಲ್ಲ. ನಿಯಮ ಜಾರಿಯಾಗುವ ಮುಂಚೆ ಇನ್ನೊಂದು ಪೂರ್ಣ ಪ್ರತಿ ತೆಗೆಯಬೇಕು, ಆಮೇಲೆ ತಿಂಗಳಿಗೊಂದು. ಖರ್ಚು ನೀನು ಹೆದರುವಷ್ಟು ಆಗುವುದಿಲ್ಲ, ಲೆಕ್ಕ ಹಾಕಿ ನೋಡಿದ್ದೇನೆ. ಇದನ್ನು ನಿನಗೆ ಜನವರಿಯಲ್ಲೇ ವಿವರಿಸಬೇಕಿತ್ತು. ನಿನಗೆ ಅರ್ಥವಾಗುವುದಿಲ್ಲ ಎಂದು ಬರೆದದ್ದು ಸುಳ್ಳು. ಎರಡು ನಿಮಿಷದಲ್ಲಿ ಆಗುತ್ತದೆ.

ಓದಿದ ಕೂಡಲೇ ಫೋನ್ ಮಾಡು. ಈ ಸಲ ನಾನು ಇಡುವುದಿಲ್ಲ.

ಅಕ್ಕ